ಚೆಂಡು ಬಾರದ ಮೂಲೆ

ಮಕ್ಕಳ ಬೇಸ್‌ಬಾಲ್ ಆಟದಲ್ಲಿ ಒಂಬತ್ತು ಜಾಗಗಳಿರುತ್ತವೆ. ಒಂಬತ್ತಕ್ಕೂ ಒಂದೇ ಬೆಲೆಯಿಲ್ಲ. ಚೆಂಡೆಸೆಯುವ ಪಿಚರ್ ಆಗಲು ದೊಡ್ಡ ಜಗಳವೇ ನಡೆಯುತ್ತದೆ. ಬೇಸುಗಳೆಂದರೆ ಚೆಂಡು ಹೊಡೆದವರು ಓಡಿ ಮುಟ್ಟಬೇಕಾದ ಗುರಿಗಳು, ಚೆಂಡು ತಮಗಿಂತ ಮೊದಲೇ ಅಲ್ಲಿಗೆ ಬಂದರೆ ಸಾಮಾನ್ಯವಾಗಿ ಔಟ್. ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಜಾಗ ತಂಡದ ಅತಿ ಚುರುಕಾದ ಮಗುವಿಗೆ. ಮೊದಲ ಬೇಸಿಗೆ ಉದ್ದ ಕೈಕಾಲಿನವರು ಬೇಕು. ಹೀಗೆ ಹಂಚಿ ಹಂಚಿ ಕೊನೆಗೆ ಯಾರಿಗೂ ಬೇಡವಾಗಿ ಉಳಿಯುವ ಮಗುವನ್ನು, ಓಡಲಾರದ, ಹಿಡಿಯಲಾರದ, ಕನ್ನಡಕದ ಹಿಂದೆ ಕಣ್ಣು ಪಿಳುಕಿಸುವ ಮಗುವನ್ನು, ರೈಟ್ ಫೀಲ್ಡಿಗೆ ಅಟ್ಟುತ್ತಾರೆ. ಇದರಲ್ಲಿ ಕ್ರೌರ್ಯಕ್ಕಿಂತ ಲೆಕ್ಕಾಚಾರ ಹೆಚ್ಚು. ಬಹುಪಾಲು ಮಕ್ಕಳು ಬಲಗೈಯವರು. ಬಲಗೈಯವರು ಬೀಸಿ ಹೊಡೆದರೆ ಚೆಂಡು ಸಾಮಾನ್ಯವಾಗಿ ಮೈದಾನದ ಎಡಕ್ಕೆ ಹೋಗುತ್ತದೆ. ಬಲಮೂಲೆಗೆ ಬರುವುದು ಚಿಟ್ಟೆ, ಗಾಳಿಗೆ ಹಾರುವ ಹೂವಿನ ಹತ್ತಿ, ಒಮ್ಮೊಮ್ಮೆ ಯಾರದೋ ಮನೆಯ ನಾಯಿ. ಅಲ್ಲಿ ನಿಂತ ಮಗುವಿಗೆ ಆಟ ಬರುತ್ತದೆಯೋ ಇಲ್ಲವೋ, ಹುಲ್ಲಿನ ಪರಿಚಯವಂತೂ ಚೆನ್ನಾಗಿ ಆಗುತ್ತದೆ.

ನನಗೆ ಆಗಿತ್ತು. ಅಪ್ಪನ ಸಾಫ್ಟ್‌ವೇರ್ ಕೆಲಸದ ಬೆನ್ನು ಹತ್ತಿ ನಾವು ಮೈಸೂರಿನಿಂದ ಸಿಯಾಟಲ್ ಪಕ್ಕದ ಬೆಲ್‌ವ್ಯೂಗೆ ಹೋಗಿದ್ದೆವು. ಗ್ಲೌಸನ್ನು ಯಾವ ಕೈಗೆ ಹಾಕಿಕೊಳ್ಳಬೇಕು ಎಂಬುದೇ ತಿಳಿಯದ ಹುಡುಗಿಯನ್ನು ಆಟದ ಟೀಚರ್ ಒಮ್ಮೆ ನೋಡಿ, ದೂರದ ಬಲಮೂಲೆಯತ್ತ ಕೈ ತೋರಿಸಿದರು. ಹೋಗಿ ನಿಂತೆ. ಅದು 2001ರ ವಸಂತ. ಅದೇ ವಸಂತದಲ್ಲಿ, ಸರೋವರದ ಆಚೆಯ ದಡದಲ್ಲಿ, ಸಿಯಾಟಲ್ ಮ್ಯಾರಿನರ್ಸ್ ತಂಡವೂ ಹೊಸಬನೊಬ್ಬನನ್ನು ರೈಟ್ ಫೀಲ್ಡಿನಲ್ಲಿ ನಿಲ್ಲಿಸಿತ್ತು. ಹೆಸರು ಇಚಿರೊ ಸುಜುಕಿ.

ಆ ಊರು ಆಗ ಸ್ವಲ್ಪ ಮುನಿಸಿನಲ್ಲಿತ್ತು. ಎಡಗೈ ಪಿಚರ್ ರ‍್ಯಾಂಡಿ ಜಾನ್ಸನ್ 1998ರಲ್ಲಿ ಹೊರಟುಹೋಗಿದ್ದ. 2000ದ ಆರಂಭದಲ್ಲಿ ಕೆನ್ ಗ್ರಿಫಿ ಜೂನಿಯರ್ ಹೋದ, ವರ್ಷದ ಕೊನೆಗೆ ಅಲೆಕ್ಸ್ ರಾಡ್ರಿಗಸ್ ಹೋದ. ಮೂವರೂ ಬೇರೆ ಯಾವ ತಂಡದಲ್ಲಿದ್ದರೂ ಆ ತಂಡದ ಮೊದಲ ಹೆಸರಾಗುವಂಥವರು. ಅವರ ಜಾಗ ತುಂಬಲು ಬಂದವನು ತೆಳು ಮೈಯ, ಇಪ್ಪತ್ತೇಳು ವರ್ಷದ ಜಪಾನೀ ಯುವಕ. ಜಪಾನಿನಿಂದ ಅದುವರೆಗೆ ಅಮೆರಿಕದ ದೊಡ್ಡ ಲೀಗಿಗೆ ಪಿಚರ್‌ಗಳು ಬಂದಿದ್ದರು, ಹಿಡಿಯೊ ನೊಮೊ ಹೆಸರು ಮಾಡಿದ್ದ. ಆದರೆ ದಿನವೂ ಬ್ಯಾಟು ಹಿಡಿದು ಬದುಕುವ ಆಟಗಾರರು ಬಂದಿರಲಿಲ್ಲ. ಕೋಬೆ ನಗರದ ಓರಿಕ್ಸ್ ಬ್ಲೂವೇವ್ ತಂಡಕ್ಕೆ ಆಡುತ್ತ 1994ರಿಂದ 2000ದವರೆಗೆ ಸತತ ಏಳು ವರ್ಷ ತನ್ನ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಅವನದೇ ಆಗಿತ್ತು. ಇರಬಹುದು, ಆದರೆ ಅದು ಜಪಾನು ಎಂದು ಇಲ್ಲಿನ ಪಂಡಿತರು ಮೂಗು ಮುರಿದರು. ಇನ್ನೊಂದು ತಮಾಷೆಯೂ ಇತ್ತು. ಮ್ಯಾರಿನರ್ಸ್ ತಂಡದ ಬಹುಪಾಲು ಒಡೆತನ ಆಗ ನಿಂಟೆಂಡೊ ಕಂಪನಿಯ ಹಿರೋಶಿ ಯಾಮಾವುಚಿ ಅವರದು. ಕ್ಯೋಟೊದಲ್ಲಿ ಕುಳಿತ ಆ ಯಜಮಾನರು ತಮ್ಮದೇ ತಂಡದ ಒಂದು ಪಂದ್ಯವನ್ನೂ ಮೈದಾನಕ್ಕೆ ಬಂದು ನೋಡಲಿಲ್ಲ. ಬೀಗತಿಯ ಮನೆಯಲ್ಲಿ ಮಗಳ ಸಂಸಾರ ಹೇಗಿದೆ ಎಂದು ದೂರದಿಂದಲೇ ವಿಚಾರಿಸಿಕೊಳ್ಳುವ ಹಳೆಯ ಕಾಲದ ತಂದೆಯ ಬಿಗುಮಾನ ಅದು.

ಏಪ್ರಿಲ್ 11ರಂದು ಆ ಮೂಗುಗಳೆಲ್ಲ ನೆಟ್ಟಗಾದವು. ಎದುರಾಳಿ ಓಕ್ಲೆಂಡ್, ಮೈದಾನವೂ ಅವರದೇ. ಒಂಬತ್ತು ಸರದಿಯ ಆಟದ ಎಂಟನೆಯ ಇನ್ನಿಂಗ್ಸ್‌ನಲ್ಲಿ ಅವರ ಟೆರೆನ್ಸ್ ಲಾಂಗ್ ಎಂಬ ಆಟಗಾರ ಮೊದಲ ಬೇಸಿನಲ್ಲಿದ್ದ. ಮುಂದಿನವನು ಹೊಡೆದ ಚೆಂಡು ರೈಟ್ ಫೀಲ್ಡಿಗೆ ಹೋಯಿತು. ಲಾಂಗ್ ಎರಡನೆಯ ಬೇಸನ್ನು ದಾಟಿ ಮೂರನೆಯದಕ್ಕೆ ಓಡಿದ. ಅದು ದುಡುಕೇನೂ ಆಗಿರಲಿಲ್ಲ. ಬಲಮೂಲೆಯಿಂದ ಮೂರನೆಯ ಬೇಸು ಮೈದಾನದಲ್ಲೇ ಅತಿ ದೂರದ ಎಸೆತ, ವೇಗದ ಓಟಗಾರರೆಲ್ಲ ಹಾಗೆಯೇ ಓಡುತ್ತಾರೆ. ಇಚಿರೊ ಚೆಂಡನ್ನು ಎತ್ತಿಕೊಂಡು ಎಸೆದ. ಅದು ನೆಲ ಮುಟ್ಟಲಿಲ್ಲ. ಎತ್ತರಕ್ಕೂ ಏರಲಿಲ್ಲ. ಗೆರೆ ಎಳೆದಂತೆ ಹೋಗಿ ಮೂರನೆಯ ಬೇಸಿನ ಡೇವಿಡ್ ಬೆಲ್‌ನ ಗ್ಲೌಸಿಗೆ ಸೇರಿಕೊಂಡಿತು. ಲಾಂಗ್ ಬಂದು ತಲುಪುವ ಹೊತ್ತಿಗೆ ಅವನಿಗಾಗಿ ಚೆಂಡು ಕಾದು ಕುಳಿತಿತ್ತು.

ಆ ರಾತ್ರಿ ಟಿವಿಯಲ್ಲಿ ಆ ಎಸೆತವನ್ನು ಮತ್ತೆ ಮತ್ತೆ ತೋರಿಸಿದರು. ನಾನು ಮತ್ತೆ ಮತ್ತೆ ನೋಡಿದೆ. ನನ್ನ ಮೂಲೆಯಲ್ಲಿ, ಹುಲ್ಲು ಎಣಿಸುವ ಮೂಲೆಯಲ್ಲಿ, ಇಂಥದ್ದೊಂದು ಸಾಧ್ಯವಿತ್ತೇ! ಬೆಳಿಗ್ಗೆ ಎದೆಯುಬ್ಬಿಸಿಕೊಂಡು ಶಾಲೆಗೆ ಹೋದೆ. ಅಲ್ಲಿ ನೋಡಿದರೆ ತರಗತಿಯ ಅರ್ಧ ಹುಡುಗರು ರೈಟ್ ಫೀಲ್ಡ್ ತಮಗೆ ಬೇಕೆಂದು ಗುದ್ದಾಡುತ್ತಿದ್ದರು. ಶಾರ್ಟ್‌ಸ್ಟಾಪ್ ಕೂಡ ತನ್ನ ಜಾಗ ಬಿಟ್ಟು ಬಂದಿದ್ದ. ಟೀಚರ್ ನನ್ನತ್ತ ನೋಡಿ, ನೀನು ಇವತ್ತು ಬೆಂಚಿನ ಮೇಲೆ ಕುಳಿತು ರನ್ ಬರೆದುಕೋ ಎಂದರು. ಹೀಗೆ ನನಗಿದ್ದ ಒಂದೇ ಒಂದು ಜಾಗವನ್ನು ನನ್ನ ಹೀರೊ ಬಂದ ತಿಂಗಳೊಳಗೇ ಕಸಿದುಕೊಂಡ. ಆಟಗಾರ್ತಿಯಾಗಿ ನನ್ನ ಬಾಳು ಅಲ್ಲಿಗೆ ಮುಗಿಯಿತು. ನೋಡುವವಳಾಗಿ ಅಲ್ಲಿಂದ ಶುರುವಾಯಿತು, ಇನ್ನೂ ಮುಗಿದಿಲ್ಲ.

ಅಪ್ಪನನ್ನು ಒಲಿಸುವುದು ಅಷ್ಟು ಸುಲಭವಾಗಿರಲಿಲ್ಲ. ಅವರ ದೇವರು ಭದ್ರಾವತಿಯಲ್ಲಿ ಹುಟ್ಟಿದವರು: ಜಿ.ಆರ್. ವಿಶ್ವನಾಥ್. 1975ರ ಜನವರಿಯಲ್ಲಿ ಚೆಪಾಕ್ ಅಂಗಳದಲ್ಲಿ ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತು, ಭಾರತವೆಲ್ಲ ಸೇರಿ 190 ಹೊಡೆದಾಗ ಅದರಲ್ಲಿ 97 ವಿಶಿಯದು, ಅದೂ ಔಟಾಗದೆ. ಅಪ್ಪ ಅದನ್ನು ರೇಡಿಯೊದಲ್ಲಿ ಕೇಳಿದ್ದರು. ಆದರೆ ಹೇಳುವಾಗ ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು. ಅಂಥವರಿಗೆ ಬೇಸ್‌ಬಾಲ್ ಮೈದಾನವೇ ಅವಮಾನವೆನಿಸಿತು. "ಹಿಂದೆ ಹೊಡೆದರೆ ಫೌಲಂತೆ, ಪಕ್ಕಕ್ಕೆ ಹೊಡೆದರೂ ಫೌಲಂತೆ. ನಮ್ಮ ವಿಶಿಯ ಸ್ಕ್ವೇರ್ ಕಟ್ಟನ್ನು ಇಲ್ಲಿ ಫೌಲ್ ಎನ್ನುತ್ತಾರೆ ಪುಟ್ಟಿ, ಫೌಲ್!" ಎಂದು ಅವರು ನಿಜವಾಗಿಯೂ ನೊಂದುಕೊಂಡರು. ಮೈದಾನದ ಮುಕ್ಕಾಲು ಭಾಗ ಪೋಲು, ಉಳಿದ ಕಾಲು ಭಾಗದಲ್ಲಿ ಗದೆ ಬೀಸುತ್ತಾರೆ ಎಂಬುದು ಅವರ ತೀರ್ಪು.

ತೀರ್ಪು ಸಡಿಲಿದ್ದು ಇಚಿರೊ ಗದೆ ಬೀಸದೆ ಇದ್ದುದರಿಂದ. ಅವನು ಬಂದು ನಿಂತ ಕೂಡಲೇ ಬಲಗೈಯಲ್ಲಿ ಬ್ಯಾಟನ್ನು ಪಿಚರ್‌ನತ್ತ ನೇರವಾಗಿ ಎತ್ತಿ ಹಿಡಿಯುತ್ತಿದ್ದ, ಎಡಗೈಯಿಂದ ಅಂಗಿಯ ತೋಳನ್ನು ಭುಜದ ಬಳಿ ಒಮ್ಮೆ ಎಳೆದುಕೊಳ್ಳುತ್ತಿದ್ದ. ಪ್ರತಿ ಸಲವೂ ಅದೇ. ಆಮೇಲೆ ಚೆಂಡು ಬಂದಾಗ ಅವನ ಮೈ ಆಗಲೇ ಮೊದಲ ಬೇಸಿನತ್ತ ವಾಲಿರುತ್ತಿತ್ತು. ಕಾಲು ಓಡಲು ಹೊರಟ ಮೇಲೆ ಕೈ ಹೊಡೆಯುತ್ತಿತ್ತು. ಹುಟ್ಟಾ ಬಲಗೈಯವನನ್ನು ಅವನ ತಂದೆ ಚಿಕ್ಕಂದಿನಲ್ಲೇ ಎಡಗೈ ಬ್ಯಾಟಿಗೆ ತಿರುಗಿಸಿದ್ದರು. ಎಡಗೈ ಬ್ಯಾಟರ್ ಮೊದಲ ಬೇಸಿಗೆ ಒಂದೆರಡು ಹೆಜ್ಜೆ ಹತ್ತಿರ ನಿಂತಿರುತ್ತಾನೆ ಎಂಬುದು ಒಂದು ಕಾರಣ. ಬೇಸಿನಿಂದ ಬೇಸಿಗೆ 90 ಅಡಿ. ಅವನು ಅದನ್ನು ನಾಲ್ಕು ಸೆಕೆಂಡು ತುಂಬುವ ಮೊದಲೇ ಓಡಿ ಮುಗಿಸುತ್ತಿದ್ದ. ಹೀಗಾಗಿ ಬೇರೆಯವರು ಹೊಡೆದಿದ್ದರೆ ಔಟಾಗುವಂಥ, ನೆಲದ ಮೇಲೆ ಉರುಳಿಹೋಗುವ ಪುಟ್ಟ ಚೆಂಡೂ ಅವನಿಗೆ ಒಂದು ಹಿಟ್, ಎಂದರೆ ಹೊಡೆದು ಔಟಾಗದೆ ಬೇಸು ತಲುಪಿದ ಲೆಕ್ಕ, ತಂದುಕೊಡುತ್ತಿತ್ತು. ಫೀಲ್ಡರ್ ಚೆಂಡನ್ನು ಹಿಡಿದು ತಲೆಯೆತ್ತುವ ಹೊತ್ತಿಗೆ ಇವನು ಬೇಸನ್ನು ತುಳಿದು ಮುಂದೆ ಹೋಗಿರುತ್ತಿದ್ದ. ಅಪ್ಪ ಸೋಫಾದ ತುದಿಗೆ ಬಂದು ಕುಳಿತರು. "ಮಣಿಕಟ್ಟು ನೋಡು ಪುಟ್ಟಿ. ಇಬ್ಬರ ನಡುವೆ ಖಾಲಿ ಜಾಗ ಎಲ್ಲಿದೆ ಎಂದು ನೋಡಿಕೊಂಡು ಅಲ್ಲಿಗೆ ಇಳಿಸುತ್ತಾನೆ," ಎಂದರು. ಆಮೇಲೆ ಸ್ವಲ್ಪ ತಡೆದು, ಬಹಳ ಯೋಚಿಸಿ, "ಇವನು ಕ್ರಿಕೆಟ್ ಆಡಬೇಕಾಗಿತ್ತು," ಎಂದರು. ಅಪ್ಪನ ಬಾಯಲ್ಲಿ ಅದಕ್ಕಿಂತ ದೊಡ್ಡ ಬಿರುದು ಇರಲಿಲ್ಲ.

ಬೇಸಿಗೆಯಲ್ಲಿ ಮೈಸೂರಿನಿಂದ ಅಜ್ಜಿ ಬಂದರು. ಆರು ತಿಂಗಳ ವೀಸಾ, ಹೊರಗೆ ಹೋದರೆ ಮಾತನಾಡಿಸುವವರಿಲ್ಲ, ಮನೆಯಲ್ಲಿ ಸಂಜೆಯಾದರೆ ಮೊಮ್ಮಗಳು ಟಿವಿ ಬಿಡುವುದಿಲ್ಲ. ಅಜ್ಜಿಯೂ ಬೇಸ್‌ಬಾಲ್ ನೋಡಿದರು. ಆಟದಲ್ಲಿ ಅವರಿಗೆ ಮೊದಲು ಕಂಡದ್ದು ಉಗುಳು. ಸೂರ್ಯಕಾಂತಿ ಬೀಜ ಅಗಿದು ಉಗುಳುವವರು, ತಂಬಾಕು ಅಗಿದು ಉಗುಳುವವರು, ಏನೂ ಅಗಿಯದೆ ಅಭ್ಯಾಸಕ್ಕೆಂದು ಉಗುಳುವವರು. "ಇಷ್ಟು ಚೆಂದದ ಹುಲ್ಲು ಬೆಳೆಸಿ ಅದರ ಮೇಲೆ ಉಗುಳುತ್ತಾರಲ್ಲೇ," ಎಂದು ಅವರು ಮುಖ ಕಿವುಚಿಕೊಳ್ಳುತ್ತಿದ್ದರು. ಔಟಾದವರು ಬ್ಯಾಟನ್ನು ನೆಲಕ್ಕೆ ಕುಕ್ಕುವುದು, ಮೊಣಕಾಲಿಗೆ ಬಡಿದು ಮುರಿಯುವುದು, ಹೆಲ್ಮೆಟ್ ಎಸೆಯುವುದು ಅವರಿಗೆ ಸೇರಲಿಲ್ಲ. ಆ ಗದ್ದಲದಲ್ಲಿ ಅವರ ಕಣ್ಣು ಒಬ್ಬನನ್ನು ಆರಿಸಿಕೊಂಡಿತು. "ಈ ಹುಡುಗ ಅಚ್ಚುಕಟ್ಟು ಕಣೇ. ಬ್ಯಾಟನ್ನು ಮಲಗಿಸಿ ಹೋಗುತ್ತಾನೆ, ಎಸೆದು ಹೋಗುವುದಿಲ್ಲ."

ನಾನು ಪತ್ರಿಕೆಯಲ್ಲಿ ಓದಿದ್ದನ್ನೆಲ್ಲ ಅಜ್ಜಿಗೆ ಒಪ್ಪಿಸಿದೆ. ಅವನ ಬ್ಯಾಟುಗಳನ್ನು ಜಪಾನಿನ ಮಿಜುನೊ ಕಂಪನಿಯಲ್ಲಿ ಒಬ್ಬ ನುರಿತ ಕುಶಲಕರ್ಮಿ ಕೈಯಾರೆ ಮಾಡುತ್ತಾರೆ, ತೇವ ತಗಲದ ಹಾಗೆ ಅವನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿ ಇಡುತ್ತಾನೆ, ಪಂದ್ಯ ಮುಗಿದ ಮೇಲೆ ತನ್ನ ಗ್ಲೌಸನ್ನು ತಾನೇ ಒರೆಸಿ ಎಣ್ಣೆ ಹಚ್ಚುತ್ತಾನೆ. ಅಜ್ಜಿ ಆಶ್ಚರ್ಯಪಡಲಿಲ್ಲ, ಇದೆಲ್ಲ ಇರಬೇಕಾದ್ದೇ ಎಂಬಂತೆ ತಲೆಯಾಡಿಸಿದರು. ಅನ್ನ ಕೊಡುವ ಸಲಕರಣೆಗೆ ಕಾಲು ತಗಲಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಿಂದ ಬಂದವರು ಅವರು. ಆ ವರ್ಷದ ಆಯುಧಪೂಜೆಯಲ್ಲಿ ಅಪ್ಪನ ಕಾರಿನ ಕೀಲಿ ಮತ್ತು ಅಮ್ಮನ ಈಳಿಗೆಮಣೆಯ ಪಕ್ಕದಲ್ಲಿ ನನ್ನ ಪ್ಲಾಸ್ಟಿಕ್ ಬ್ಯಾಟಿಗೂ ಕುಂಕುಮ ಏರಿತು. ಅಷ್ಟು ಹೊತ್ತಿಗೆ ಕೆಲಸ ಕೆಟ್ಟಿತ್ತು. ಮ್ಯಾರಿನರ್ಸ್ ಆ ವರ್ಷ 162 ಪಂದ್ಯಗಳಲ್ಲಿ 116 ಗೆದ್ದು 1906ರ ಶಿಕಾಗೊ ಕಬ್ಸ್ ತಂಡದ ದಾಖಲೆಯನ್ನು ಸರಿಗಟ್ಟಿತ್ತು. ಇಚಿರೊ 242 ಹಿಟ್ ಹೊಡೆದಿದ್ದ, ಯಾರೂ ಚೆಂಡು ಹೊಡೆಯದಿರುವಾಗಲೇ ಮುಂದಿನ ಬೇಸಿಗೆ ಓಡಿ 56 ಬೇಸುಗಳನ್ನು ಕದ್ದಿದ್ದ, ಹೊಸಬರಲ್ಲಿ ಮೊದಲಿಗ ಎಂಬ ಪ್ರಶಸ್ತಿಯನ್ನೂ ಲೀಗಿನ ಅತ್ಯುತ್ತಮ ಆಟಗಾರ ಎಂಬ ಪ್ರಶಸ್ತಿಯನ್ನೂ ಒಟ್ಟಿಗೆ ಬಾಚಿಕೊಂಡ. ಆದರೆ ನವರಾತ್ರಿಯ ನಡುವೆಯೇ ತಂಡ ನ್ಯೂಯಾರ್ಕ್ ಯಾಂಕೀಸ್ ಕೈಯಲ್ಲಿ ಸೋತು ಮನೆಗೆ ಬಂದುಬಿಟ್ಟಿತು. ಪೂಜೆಯನ್ನು ನಾಲ್ಕು ದಿನ ಮುಂಚೆ ಮಾಡಬಹುದಿತ್ತು ಎಂಬುದು ಅಜ್ಜಿಯ ವಿಶ್ಲೇಷಣೆ. ಟಿವಿಯ ಪಂಡಿತರು ಹೇಳಿದ್ದೂ ಇದಕ್ಕಿಂತ ಬಹಳ ಮೇಲೇನಿರಲಿಲ್ಲ.

ರೇಡಿಯೊದ ಡೇವ್ ನೀಹಾಸ್ ಅವರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ತಂಡ ಹುಟ್ಟಿದ 1977ರಿಂದ 2010ರಲ್ಲಿ ತೀರಿಕೊಳ್ಳುವವರೆಗೆ ಮ್ಯಾರಿನರ್ಸ್ ಪಂದ್ಯಗಳಿಗೆ ಅವರದೇ ದನಿ. ಮೂರು ಬೇಸುಗಳಲ್ಲೂ ಓಟಗಾರರು ತುಂಬಿರುವಾಗ ಯಾರಾದರೂ ಚೆಂಡನ್ನು ಗೋಡೆಯಾಚೆ ಅಟ್ಟಿ ಹೋಮ್ ರನ್ ಹೊಡೆದರೆ, 'ಅಜ್ಜೀ' ಎಂದು ಕೂಗಿ ಕರೆದು ರೈ ಬ್ರೆಡ್ಡನ್ನೂ ಸಾಸಿವೆಯನ್ನೂ ತಾ, ಸಲಾಮಿಯ ಹೊತ್ತಾಯಿತು ಎಂದು ಅವರು ಅಬ್ಬರಿಸುತ್ತಿದ್ದರು. ಅದು ಅವರ ಪ್ರಸಿದ್ಧ ಉದ್ಗಾರ. ಕಾರಿನಲ್ಲಿ ಒಮ್ಮೆ ಅದು ಬಂದಾಗ ನಾನು ಅಜ್ಜಿಗೆ ವಿವರಿಸಿದೆ. ಸಲಾಮಿ ಎಂದರೆ ಮಾಂಸ ಎಂಬುದನ್ನು ಮಾತ್ರ ಅಮ್ಮನ ಕಣ್ಸನ್ನೆ ನೋಡಿ ಹೇಳಲಿಲ್ಲ. ಅಜ್ಜಿಗೆ ಆ ಕೂಗು ಬಹಳ ಹಿಡಿಸಿತು. ದೇಶ ಯಾವುದಾದರೇನು, ಸಂಭ್ರಮ ಬಂದಾಗ ಗಂಡಸರಿಗೆ ಅಡುಗೆಮನೆಯ ಕಡೆ ನೋಡಿ ಕೂಗುವುದೊಂದೇ ಗೊತ್ತು ಎಂದು ಅಮ್ಮ ಮೆಲ್ಲಗೆ ಅಂದಳು.

ಇಷ್ಟೆಲ್ಲ ಟಿವಿ, ರೇಡಿಯೊಗಳ ಮಾತು. ಮೈದಾನಕ್ಕೆ ಹೋದ ಮೇಲೆ ನನ್ನ ಹುಚ್ಚಿಗೆ ಬೇರೆಯೇ ರೂಪ ಬಂತು. ಸೇಫ್ಕೊ ಫೀಲ್ಡ್ ಎಂದು ಆಗ ಅದರ ಹೆಸರು, ಈಗ ಟಿ-ಮೊಬೈಲ್ ಪಾರ್ಕ್. ಮಳೆಯ ಊರಾದ್ದರಿಂದ ತೆರೆದು ಮುಚ್ಚುವ ಚಾವಣಿ. ಪಕ್ಕದಲ್ಲೇ ರೈಲು ಹಳಿ. ಪಿಚರ್ ಏಕಾಗ್ರತೆಯಿಂದ ಚೆಂಡೆಸೆಯುವ ಹೊತ್ತಿಗೆ ಸರಿಯಾಗಿ ಗೂಡ್ಸ್ ಗಾಡಿಯೊಂದು ಕೂಗಿಕೊಂಡು ಹೋಗುತ್ತದೆ. ಇಚಿರೊ ಹೆಸರಿನಲ್ಲಿ ಸುಶಿ ಮಾರುತ್ತಿದ್ದರು. ನಮ್ಮದು ಚಿತ್ರಾನ್ನದ ಡಬ್ಬಿ. ಅಪ್ಪ ಕೊಳ್ಳುತ್ತಿದ್ದುದು ಮೇಲಂತಸ್ತಿನ ಅಗ್ಗದ ಟಿಕೆಟು, ಬಲಮೂಲೆಯ ಕಡೆಗೆ. ಅಲ್ಲಿಂದ ಬ್ಯಾಟರ್ ಇರುವೆಯಷ್ಟು. ಆದರೆ ರೈಟ್ ಫೀಲ್ಡರ್ ಕಣ್ಣ ಕೆಳಗೇ ಇರುತ್ತಾನೆ. ಎಲ್ಲರೂ ಚೆಂಡನ್ನು ನೋಡುತ್ತಿದ್ದರೆ ನಾನು ಅವನನ್ನೇ ನೋಡುತ್ತ ಕುಳಿತೆ.

ನೋಡಿದಷ್ಟೂ ಕಂಡಿತು. ಚೆಂಡಿಲ್ಲದ ಹೊತ್ತಿನಲ್ಲೂ ಆ ಮನುಷ್ಯ ಸುಮ್ಮನೆ ನಿಂತಿರುತ್ತಿರಲಿಲ್ಲ. ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ಕಾಲಗಲಿಸಿ ಕುಕ್ಕರಿಸಿ ಭುಜ ತಿರುವಿ ಸೊಂಟ ಸಡಿಲಿಸಿಕೊಳ್ಳುತ್ತಿದ್ದ. ಹೊಸ ಬ್ಯಾಟರ್ ಬಂದರೆ ಎರಡು ಹೆಜ್ಜೆ ಒಳಗೆ, ಇನ್ನೊಬ್ಬ ಬಂದರೆ ನಾಲ್ಕು ಹೆಜ್ಜೆ ಗೆರೆಯ ಕಡೆಗೆ. ಪಿಚರ್ ಕೈಯೆತ್ತಿದ ಕೂಡಲೇ ಮುಂಗಾಲಿನ ಮೇಲೆ ಒಂದು ಸಣ್ಣ ಪುಟಿತ. ಚೆಂಡು ಎಡಕ್ಕೆ ಹೋಗುತ್ತಿತ್ತು, ಇವನ ಪುಟಿತ ವ್ಯರ್ಥವಾಗುತ್ತಿತ್ತು, ಮತ್ತೆ ಮೊದಲಿನಿಂದ. ಎಲ್ಲಕ್ಕಿಂತ ನನ್ನನ್ನು ಹಿಡಿದು ಹಾಕಿದ್ದು ಇನ್ನೊಂದು. ಒಳಮೈದಾನದಲ್ಲಿ ಯಾರೋ ಚೆಂಡು ಹಿಡಿದು ಮೊದಲ ಬೇಸಿಗೆ ಎಸೆಯುತ್ತಾರೆ ಎನ್ನುವಾಗ ರೈಟ್ ಫೀಲ್ಡರ್ ತನ್ನ ಮೂಲೆಯಿಂದ ಜೋರಾಗಿ ಓಡಿ ಬಂದು ಮೊದಲ ಬೇಸಿನ ಹಿಂದುಗಡೆ ನಿಲ್ಲಬೇಕು. ಎಸೆತ ಗುರಿ ತಪ್ಪಿದರೆ ತಡೆಯುವವರು ಬೇಕಲ್ಲ, ಅದಕ್ಕೆ. ದೊಡ್ಡ ಲೀಗಿನಲ್ಲಿ ಎಸೆತ ಗುರಿ ತಪ್ಪುವುದು ಅಪರೂಪ. ಹಾಗಾಗಿ ಅವನು ಓಡಿ ಬರುತ್ತಾನೆ, ಚೆಂಡು ಸರಿಯಾಗಿ ಗ್ಲೌಸಿಗೆ ಬೀಳುತ್ತದೆ, ಅವನು ತಿರುಗಿ ಮೂಲೆಗೆ ನಡೆದು ಹೋಗುತ್ತಾನೆ. ಒಂದು ಸಂಜೆಯಲ್ಲಿ ಹೀಗೆ ಎಷ್ಟೋ ಸಲ. ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅಂಕಿಅಂಶಗಳ ಯಾವ ಕಾಲಮ್ಮಿನಲ್ಲೂ ಅದು ಸೇರುವುದಿಲ್ಲ. ಪ್ರತಿಯೊಂದು ಪುಟಿತವನ್ನೂ ಎಣಿಸಿಡುವ ಆಟ ಬೇಸ್‌ಬಾಲ್. ಆದರೆ ಈ ಓಟದ ಲೆಕ್ಕ ಇಟ್ಟವರಿಲ್ಲ. ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ಮನೆಯಲ್ಲಿ ಕುಳಿತವರಿಗೆ ಇದು ಕಾಣುವುದೂ ಇಲ್ಲ.

ಬೇಸ್‌ಬಾಲ್ ಬೇಸರದ ಆಟ, ಮೂರು ಗಂಟೆಯಲ್ಲಿ ಏನೂ ನಡೆಯುವುದಿಲ್ಲ ಎಂದು ಹೇಳುವವರನ್ನು ಕಂಡರೆ ನನಗೆ ಕೋಪ ಬರುವುದಿಲ್ಲ. ಅವರು ಚೆಂಡನ್ನು ನೋಡುತ್ತಿರುತ್ತಾರೆ. ಚೆಂಡಿಗೆ ನಿಜಕ್ಕೂ ಅಲ್ಲಿ ಕೆಲಸ ಕಡಿಮೆ. ಕೆಲಸವೆಲ್ಲ ಚೆಂಡು ಬರಬಹುದೆಂದು ಕಾಯುವವರದು.

2004 ಬಂತು. ತಂಡ ಆ ವರ್ಷ 99 ಪಂದ್ಯ ಸೋತು ಪಾತಾಳ ಕಂಡಿತು. ಇಚಿರೊ ಮಾತ್ರ ಹಿಟ್ ಮೇಲೆ ಹಿಟ್ ಹೊಡೆಯುತ್ತಲೇ ಹೋದ. ಒಂದು ಋತುವಿನಲ್ಲಿ 257 ಹಿಟ್ ಎಂಬ ದಾಖಲೆಯನ್ನು ಜಾರ್ಜ್ ಸಿಸ್ಲರ್ 1920ರಲ್ಲಿ ಬರೆದಿಟ್ಟಿದ್ದ. ಎಂಬತ್ತನಾಲ್ಕು ವರ್ಷ ಯಾರೂ ಅದನ್ನು ಮುಟ್ಟಿರಲಿಲ್ಲ. ಅಕ್ಟೋಬರ್ 1ರ ರಾತ್ರಿ ಇಚಿರೊ ಅದನ್ನು ದಾಟಿದ. ಪಟಾಕಿ ಸಿಡಿಯಿತು, ಆಟಗಾರರೆಲ್ಲ ಮೈದಾನಕ್ಕೆ ಓಡಿದರು. ಅವನು ಅವರಿಂದ ಬಿಡಿಸಿಕೊಂಡು ಮೊದಲ ಬೇಸಿನ ಪಕ್ಕದ ಪ್ರೇಕ್ಷಕರ ಸಾಲಿಗೆ ಹೋದ. ಅಲ್ಲಿ ಸಿಸ್ಲರ್‌ನ ಮಗಳು, ಎಂಬತ್ತು ದಾಟಿದ ಮುದುಕಿ, ಕುಳಿತಿದ್ದರು. ಅವರ ಕೈ ಹಿಡಿದು ತಲೆಬಾಗಿದ. ಋತು ಮುಗಿದಾಗ ಲೆಕ್ಕ 262ಕ್ಕೆ ನಿಂತಿತು. ಅದರಲ್ಲಿ 225 ಬರೀ ಒಂದು ಬೇಸಿನ ಹಿಟ್‌ಗಳು. ಹೋಮ್ ರನ್ ಹೊಡೆಯದವನು ತಂಡಕ್ಕೆ ಏನು ಪ್ರಯೋಜನ, ತನ್ನ ಲೆಕ್ಕ ಬೆಳೆಸಿಕೊಳ್ಳುತ್ತಾನೆ ಎಂದು ಗೊಣಗಿದವರೂ ಇದ್ದರು. ಅವರೊಡನೆ ಶಾಲೆಯಲ್ಲಿ ನಾನು ಮಾಡಿದ ವಾದಗಳನ್ನು ಕಾಲೇಜಿನಲ್ಲಿ ಪಾಠಕ್ಕೆ ಬಳಸಿದ್ದರೆ ವಕೀಲಳಾಗುತ್ತಿದ್ದೆನೋ ಏನೋ. ಹತ್ತು ವರ್ಷ ಬಿಡದೆ, ವರ್ಷಕ್ಕೆ ಇನ್ನೂರು ಹಿಟ್‌ಗೆ ಕಡಿಮೆಯಿಲ್ಲದಂತೆ ಹೊಡೆದವನ ಪರವಾಗಿ ವಾದಿಸಲು ವಕೀಲರೇನೂ ಬೇಕಿರಲಿಲ್ಲ, ಬಿಡಿ.

ಆಮೇಲೆ 2012ರ ಜುಲೈ 23. ಯಾಂಕೀಸ್ ತಂಡ ಸಿಯಾಟಲ್‌ಗೆ ಆಡಲು ಬಂದಿತ್ತು. ಪಂದ್ಯಕ್ಕೆ ಕೆಲವು ಗಂಟೆ ಇರುವಾಗ ಸುದ್ದಿ ಬಂತು: ಇಚಿರೊ ಯಾಂಕೀಸ್‌ಗೆ ಹೋದ. ಹೋದ ಎಂದರೆ ದೂರವೇನಿಲ್ಲ, ಅದೇ ಕಟ್ಟಡದಲ್ಲಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ. ಸಂಜೆ ಅವನು ಬೂದು ಬಣ್ಣದ ಅಂಗಿ ತೊಟ್ಟು ಬಂದ. ಬೆನ್ನ ಮೇಲೆ 51 ಇರಲಿಲ್ಲ, 31 ಇತ್ತು. ಮೊದಲ ಸಲ ಬ್ಯಾಟು ಹಿಡಿದು ಬಂದಾಗ ಮೈದಾನವೆಲ್ಲ ಎದ್ದು ನಿಂತಿತು. ಅವನು ಹೆಲ್ಮೆಟ್ ತೆಗೆದು ಬಾಗಿ ನಮಸ್ಕರಿಸಿದ. ನಮಸ್ಕಾರ ಮುಗಿಸಿ, ಹಿಟ್ ಹೊಡೆದು, ಎರಡನೆಯ ಬೇಸನ್ನೂ ಕದ್ದ. ಕೆಲಸ ಅಂದರೆ ಕೆಲಸ.

ಬೂದು ಅಂಗಿಯ ಅವನ ಜೊತೆ ನಾನೂ ನ್ಯೂಯಾರ್ಕಿಗೆ ನಿಷ್ಠೆ ಬದಲಿಸಬಹುದಿತ್ತು. ಗೆಳತಿಯರು ಹಾಗೆಯೇ ಎಂದುಕೊಂಡಿದ್ದರು. ಹೀರೊ ಹೋದ ಮೇಲೆ ಆಟದಲ್ಲಿ ಏನಿದೆ? ಮ್ಯಾರಿನರ್ಸ್ ಅಂತೂ ಆ ದಿನಗಳಲ್ಲಿ ಸೋಲುವುದನ್ನೇ ವೃತ್ತಿ ಮಾಡಿಕೊಂಡಿತ್ತು. 2001ರ ನಂತರ 2022ರವರೆಗೆ ಒಮ್ಮೆಯೂ ಋತುವಿನ ಕೊನೆಯ ಸುತ್ತುಗಳಿಗೆ ತಲುಪಲಿಲ್ಲ. ಆದರೂ ಆಗಸ್ಟಿನಲ್ಲಿ ಮತ್ತೆ ಅದೇ ಮೇಲಂತಸ್ತಿಗೆ ಹೋಗಿ ಕುಳಿತೆ. ಕೆಳಗೆ ಬೇರೆ ಯಾರೋ ಹುಡುಗ ನಿಂತಿದ್ದ. ಹೆಸರಿಗಾಗಿ ಫಲಕ ನೋಡಬೇಕಾಯಿತು. ಶಾರ್ಟ್‌ಸ್ಟಾಪ್ ಕೈಗೆ ಚೆಂಡು ಉರುಳಿತು. ಹೆಸರು ಗೊತ್ತಿಲ್ಲದ ಹುಡುಗ ಮೂಲೆಯಿಂದ ಓಡಿದ, ಮೊದಲ ಬೇಸಿನ ಹಿಂದೆ ಬಂದ, ಚೆಂಡು ಸರಿಯಾಗಿ ಬಿತ್ತು, ತಿರುಗಿ ನಡೆದ. ನಾನು ಗಟ್ಟಿಯಾಗಿ ಚಪ್ಪಾಳೆ ತಟ್ಟಿದೆ. ಪಕ್ಕದವರು ಯಾಕೆಂದು ನೋಡಿದರು. ಇಚಿರೊಗಾಗಿ ಬರುತ್ತಿದ್ದೇನೆ ಎಂದುಕೊಂಡಿದ್ದವಳು ಯಾವಾಗಲೋ ಆ ಜಾಗಕ್ಕಾಗಿ, ಆ ಕೆಲಸಕ್ಕಾಗಿ ಬರತೊಡಗಿದ್ದೆ. ಯಾವ ವರ್ಷ ಈ ಬದಲಾವಣೆ ಆಯಿತೆಂದು ಯಾರಾದರೂ ಕೇಳಿದರೆ ಹೇಳಲಾರೆ.

ಅವನ ಮುಂದಿನ ಕಥೆಯನ್ನು ದೂರದಿಂದ ನೋಡಿದೆ. 2016ರಲ್ಲಿ ಮಯಾಮಿ ತಂಡದ ಅಂಗಿಯಲ್ಲಿ 3,000ನೆಯ ಹಿಟ್. 2018ರಲ್ಲಿ ಸಿಯಾಟಲ್‌ಗೇ ವಾಪಸು. 2019ರ ಮಾರ್ಚ್ 21ರಂದು ಟೋಕಿಯೊ ಡೋಮ್‌ನಲ್ಲಿ ಕೊನೆಯ ಪಂದ್ಯ. ಸಿಯಾಟಲ್‌ನಲ್ಲಿ ಆಗ ರಾತ್ರಿ ಎರಡೂವರೆ. ನಿವೃತ್ತರಾಗಿ ಮೈಸೂರಿಗೆ ಮರಳಿದ್ದ ಅಪ್ಪನಿಗೆ ಅದು ಹಾಡಹಗಲು; ಫೋನಿನಲ್ಲಿ ಇಬ್ಬರೂ ಜೊತೆಯಾಗಿ ನೋಡಿದೆವು. ಎಂಟನೆಯ ಇನ್ನಿಂಗ್ಸ್‌ನಲ್ಲಿ ಅವನನ್ನು ಮೈದಾನದಿಂದ ಕರೆಸಿಕೊಂಡರು. ಅದೇ ದಿನ ಮೊದಲ ಪಂದ್ಯ ಆಡಿದ ಯುವ ಪಿಚರ್ ಯೂಸೆ ಕಿಕುಚಿ ಅವನನ್ನು ತಬ್ಬಿಕೊಂಡು ಅತ್ತ. ಅಪ್ಪ ಬಹಳ ಹೊತ್ತು ಮಾತನಾಡದೆ, ಕೊನೆಗೆ, "ತೋಳು ಎಳೆದುಕೊಳ್ಳುವುದನ್ನು ಇವತ್ತೂ ಬಿಡಲಿಲ್ಲ ನೋಡು," ಎಂದರು.

2025ರಲ್ಲಿ ಅವನನ್ನು ಬೇಸ್‌ಬಾಲ್‌ನ ಶ್ರೇಷ್ಠರಿಗೆ ಮೀಸಲಾದ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ಗೆ ಆರಿಸಿದರು. ಮತ ಹಾಕಿದ 394 ಪತ್ರಕರ್ತರಲ್ಲಿ 393 ಮಂದಿ ಅವನ ಹೆಸರು ಬರೆದಿದ್ದರು. ಬರೆಯದ ಆ ಒಬ್ಬರು ಯಾರೆಂದು ಗೊತ್ತಾಗಲಿಲ್ಲ. ಜುಲೈನಲ್ಲಿ ನಡೆದ ಸಮಾರಂಭದಲ್ಲಿ ಇಚಿರೊ ಇಂಗ್ಲಿಷಿನಲ್ಲಿ ಭಾಷಣ ಮಾಡಿದ. ಎರಡು ದಶಕ ದುಭಾಷಿಯನ್ನು ಪಕ್ಕದಲ್ಲಿಟ್ಟುಕೊಂಡು ಚುಟುಕಾಗಿ ಉತ್ತರಿಸುತ್ತಿದ್ದ ಮನುಷ್ಯ ಅಷ್ಟು ಹೊತ್ತು ಜನರನ್ನು ನಗಿಸಿದ. ಆ ಒಬ್ಬ ಪತ್ರಕರ್ತರಿಗೆ ನನ್ನ ಮನೆಗೆ ಊಟಕ್ಕೆ ಬನ್ನಿ ಎಂದು ಕೊಟ್ಟಿದ್ದ ಆಹ್ವಾನದ ಅವಧಿ ಈಗ ಮುಗಿದಿದೆ ಎಂದ. ಅಜ್ಜಿ ಇದ್ದಿದ್ದರೆ ಊಟದ ವಿಷಯದಲ್ಲಿ ಹಾಗೆಲ್ಲ ಆಡಬಾರದು ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಅಣ್ಣನ ಮಗನನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಅವನಿಗೆ ಇಚಿರೊ ಎಂದರೆ ಪುಸ್ತಕದಲ್ಲಿರುವ ಯಾರೋ ಹಿರಿಯರು. ಅವನ ದೇವರು ಕ್ಯಾಲ್ ರಾಲಿ. ವಿಶಾಲವಾದ ಹಿಂಭಾಗದಿಂದಾಗಿ 'ಬಿಗ್ ಡಂಪರ್' ಎಂಬ ಅಡ್ಡಹೆಸರು ಗಳಿಸಿದ ಕ್ಯಾಚರ್, ಎಂದರೆ ಬ್ಯಾಟರ್‌ನ ಹಿಂದೆ ಕುಳಿತು ಪಿಚರ್‌ನ ಚೆಂಡು ಹಿಡಿಯುವವನು. ಏಳು ವರ್ಷದ ಹುಡುಗನ ಭಕ್ತಿಗೆ ಇನ್ನೇನು ಬೇಕು? ರಾಲಿ ಆ ವರ್ಷ 60 ಹೋಮ್ ರನ್ ಹೊಡೆದ, ಕ್ಯಾಚರ್ ಆಗಿದ್ದುಕೊಂಡು ಅಷ್ಟು ಹೊಡೆದವರು ಬೇರೆ ಯಾರೂ ಇಲ್ಲ. (ಅಷ್ಟಾದರೂ ಅಕ್ಟೋಬರಿನಲ್ಲಿ, ಸರಿಯಾಗಿ ದೀಪಾವಳಿಯ ಹೊತ್ತಿಗೆ, ತಂಡ ಟೊರಾಂಟೊ ಎದುರು ಒಂದೇ ಒಂದು ರನ್ನಿನಿಂದ ಸೋತು, ವರ್ಷದ ಅಂತಿಮ ಹಣಾಹಣಿಯಾದ ವರ್ಲ್ಡ್ ಸೀರೀಸನ್ನು ಕೈತಪ್ಪಿಸಿಕೊಂಡಿತು. ವರ್ಲ್ಡ್ ಸೀರೀಸ್ ಮೆಟ್ಟಿಲನ್ನೇ ಹತ್ತದ ಏಕೈಕ ತಂಡ ಎಂಬ ಹಿರಿಮೆಯನ್ನು ನಾವು ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ.)

ಹುಡುಗ ಕ್ಯಾಚರ್‌ನನ್ನು ಬಿಟ್ಟು ಕಣ್ಣು ಕದಲಿಸುತ್ತಿರಲಿಲ್ಲ. ನಾನು ಎಂದಿನಂತೆ ಬಲಮೂಲೆ ನೋಡುತ್ತಿದ್ದೆ.

"ಅತ್ತೆ, ಆಟ ಆ ಕಡೆ ನಡೆಯುತ್ತಿದೆ. ನೀನು ಎಲ್ಲಿ ನೋಡುತ್ತಿದ್ದೀಯ?"

"ನೀನು ನಿನ್ನವನನ್ನು ನೋಡು, ನಾನು ನನ್ನವನನ್ನು ನೋಡುತ್ತೇನೆ."

ಬೇಸುಗಳೆಲ್ಲ ಖಾಲಿಯಿದ್ದವು. ಎದುರಾಳಿ ಬ್ಯಾಟರ್ ಹೊಡೆದ ಚೆಂಡು ಶಾರ್ಟ್‌ಸ್ಟಾಪ್ ಕಡೆಗೆ ಉರುಳಿತು. ನನ್ನವನು ಮೂಲೆಯಿಂದ ಓಡಿ ಬಂದ. ಅವನವನು ಮುಖಕವಚ, ಎದೆಕವಚ, ಕಾಲಿನ ಕಾಪು ಎಲ್ಲ ಹೊತ್ತುಕೊಂಡು ಬ್ಯಾಟರ್‌ನ ಹಿಂದೆಯೇ ಧಡಧಡನೆ ಓಡಿ ಬಂದ. ಓಟಗಾರರು ಯಾರೂ ಬೇಸಿನಲ್ಲಿ ಇಲ್ಲದಾಗ ಕ್ಯಾಚರ್‌ಗೂ ಅದೇ ಕೆಲಸ. ಇಬ್ಬರೂ ಎರಡು ಕಡೆಯಿಂದ ಬಂದು ಮೊದಲ ಬೇಸಿನ ಹಿಂದೆ ನಿಂತರು. ಎಸೆತ ನೆಟ್ಟಗೆ ಹೋಗಿ ಗ್ಲೌಸಿಗೆ ಬಿತ್ತು. ಬ್ಯಾಟರ್ ಔಟ್. ಇಬ್ಬರೂ ಬಂದ ದಾರಿ ಹಿಡಿದರು.

"ಅವನು ಯಾರು? ಅಲ್ಲಿಗೆ ಯಾಕೆ ಬಂದ?" ಎಂದು ಹುಡುಗ ಕೇಳಿದ.

"ನಿನ್ನವನು ಯಾಕೆ ಬಂದನೋ ಅದಕ್ಕೇ."

ಅವನು ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ಫ್ರೈಸ್ ಅಗಿಯುತ್ತ ಯೋಚಿಸಿದ. ಆಮೇಲೆ ಒಂದು ಒಪ್ಪಂದ ಮುಂದಿಟ್ಟ: ಮುಂದಿನ ಚೆಂಡಿಗೆ ತಾನು ರೈಟ್ ಫೀಲ್ಡರನ್ನು ನೋಡುತ್ತಾನೆ, ನಾನು ಕ್ಯಾಚರನ್ನು ನೋಡಬೇಕು. ಕಣ್ಣು ಬೇರೆ ಕಡೆ ಹೋದರೆ ಫ್ರೈಸ್ ದಂಡ. ಒಪ್ಪಿದೆ. ಪಿಚರ್ ಎಸೆದ, ಟಕ್ಕೆಂದು ಸದ್ದಾಯಿತು, ಸುತ್ತಲಿನ ಜನರೆಲ್ಲ ಎದ್ದು ಅಯ್ಯೋ ಎಂದರು. ಚೆಂಡು ಎಲ್ಲಿಗೆ ಹೋಯಿತೆಂದು ಅತ್ತೆ ಸೊಸೆಯಂದಿರಂತೆ ಪಂತಕ್ಕೆ ಬಿದ್ದ ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಎಡಗಡೆಯ ಗೋಡೆಯಾಚೆ ಹೋಮ್ ರನ್ ಹೋಯಿತೆಂದು ಮುಂದಿನ ಸಾಲಿನವರು ಹೇಳಿದರು.